ಬಿಳಿ ಮಗ್ಗದ ಪಕ್ಕ ಆಡಿದ ಮಾತು

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಯಲಿಲ್ಲ. ಈಗಲೂ ನಾನು ಬಸ್ಸಿನಲ್ಲಿ ಫೋನು ಎತ್ತಿದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ. "ಅಮ್ಮಾ, ಫೋನ್ ಇಲ್ದೇನೂ ಕೇಳ್ಸುತ್ತೆ ಅವ್ರಿಗೆ" ಎಂದು ಮಗಳು ರೇಗುತ್ತಾಳೆ. ರೇಗಲಿ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ, ನಾಲ್ಕು ವಿದ್ಯುತ್ ಮಗ್ಗಗಳಿದ್ದ ಮನೆಯಲ್ಲಿ ಹುಟ್ಟಿ ಬೆಳೆದಿದ್ದರೆ ಅವಳ ಗಂಟಲೂ ಹೀಗೇ ಇರುತ್ತಿತ್ತು. ಬೀದಿಗೆ ಪಡಸಾಲೆ, ಪಡಸಾಲೆಯ ಹಿಂದೆ ಮಗ್ಗದ ಕೋಣೆ, ಅದನ್ನು ದಾಟಿದರೆ ಅಡುಗೆಮನೆ, ಕೊನೆಯಲ್ಲಿ ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲು. ಪಡಸಾಲೆಯಲ್ಲಿ ಕೂತವರಿಗೆ ಒಂದು ಲೋಟ ನೀರು ಕೊಡಬೇಕಾದರೂ ಮಗ್ಗಗಳ ನಡುವಿನ ಓಣಿಯಲ್ಲಿ ಜಡೆಯನ್ನೂ ಲಂಗವನ್ನೂ ಒಂದು ಕೈಯಲ್ಲಿ ಹಿಡಿದುಕೊಂಡು, ಲೋಟದ ಬಾಯಿಗೆ ಇನ್ನೊಂದು ಅಂಗೈ ಮುಚ್ಚಿಕೊಂಡು ನಡೆಯಬೇಕಿತ್ತು. ಮುಚ್ಚದಿದ್ದರೆ ನೂಲಿನ ನವಿರು ಬೀಳುತ್ತಿತ್ತು. ನಮ್ಮ ಮನೆಯ ಸಾರು, ಪಲ್ಯ, ಪಾಯಸ ಎಲ್ಲದರಲ್ಲೂ ಒಂದೊಂದು ಎಳೆ ರೇಷ್ಮೆ ಇದ್ದೇ ಇರುತ್ತಿತ್ತು, ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡವರಲ್ಲ.

ಮಗ್ಗ ನಡೆಯುವಾಗ ಮಾತಿಗೆ ಎರಡೇ ದಾರಿ. ಕೈಸನ್ನೆ, ಇಲ್ಲವೇ ಕಿವಿಗೆ ಬಾಯಿ ಹಚ್ಚಿ ಕಿರುಚುವುದು. ಬೇರೆಯವರ ಮನೆಗಳಲ್ಲಿ ಗುಟ್ಟಿನ ಮಾತಿಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರಂತೆ. ನಮ್ಮಲ್ಲಿ ಹಾಕಿಕೊಳ್ಳಲು ಬಾಗಿಲೇ ಇರಲಿಲ್ಲ, ಒಳಗಿನ ಕೋಣೆಗಳಿಗೆಲ್ಲ ಬಾಗಿಲಿಲ್ಲದ ಚೌಕಟ್ಟು ಮಾತ್ರ. ಗುಟ್ಟು ಹೇಳಬೇಕಾದರೆ ನಡೆಯುತ್ತಿರುವ ಮಗ್ಗದ ಪಕ್ಕ ಹೋಗಿ ನಿಂತು ಗಂಟಲು ಹರಿಯುವ ಹಾಗೆ ಕೂಗಬೇಕು. ಅಷ್ಟು ಕೂಗಿದರೂ ಒಂದು ಮಾರು ಆಚೆ ನಿಂತವರಿಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಅಪ್ಪ ಅಮ್ಮನ ಜಗಳ, ಚಿಕ್ಕಪ್ಪನಿಗೆ ಹೆಣ್ಣು ನೋಡುವ ಮಾತು, ನೆಂಟರ ಮೇಲಿನ ದೂರು ಎಲ್ಲವೂ ಅಲ್ಲೇ ಆಗಬೇಕು. ಇದರಲ್ಲಿ ಇದ್ದ ಅಪಾಯ ಒಂದೇ, ಕರೆಂಟು. ಕರೆಂಟು ಹೋಗುವ ಮುಂಚೆ ಸಾಮಾನ್ಯವಾಗಿ ಬಲ್ಬು ಕೆಂಪಗಾಗಿ, ಮಗ್ಗದ ಸದ್ದು ಎಳೆಯತೊಡಗುತ್ತಿತ್ತು. ಬಲ್ಬು ಕೆಂಪಾದರೆ ಬಾಯಿ ಮುಚ್ಚಬೇಕು ಎನ್ನುವುದು ಅಜ್ಜಿಯ ಕಾನೂನು. ಗಮನವಿಲ್ಲದೆ ಕೂಗಿದವರ ಕಥೆ ನಮ್ಮ ಬೀದಿಯಲ್ಲಿ ಮನೆಗೊಂದು ಇತ್ತು. ಎದುರುಮನೆಯ ಸೊಸೆ ಗಂಡನ ಕಿವಿಯಲ್ಲಿ "ನಿಮ್ಮಮ್ಮ ಸಕ್ಕರೆ ಡಬ್ಬಕ್ಕೆ ಬೀಗ ಹಾಕೋದು ನಂಗೊತ್ತಿಲ್ವಾ" ಎಂದು ಕೂಗಿದ್ದು ಇಡೀ ಬೀದಿಗೆ ಕೇಳಿಸಿ, ಆ ಅತ್ತೆ ಸಾಯುವವರೆಗೂ ಬೀಗದಜ್ಜಿ ಎಂದೇ ಹೆಸರಾದಳು.

ಅಮಾವಾಸ್ಯೆಯ ದಿನ ಮಾತ್ರ ಮಗ್ಗ ನಡೆಸುತ್ತಿರಲಿಲ್ಲ. ಅವತ್ತು ಮಗ್ಗಗಳಿಗೆ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಸುಮ್ಮನೆ ಬಿಡುವುದು. ಇಡೀ ಬೀದಿ ತೆಪ್ಪಗಿರುತ್ತಿತ್ತು. ಯಾರು ಕೆಮ್ಮಿದರೂ ಮೂರನೇ ಮನೆಗೆ ಕೇಳುವ ಆ ದಿನ ನಾವೆಲ್ಲ ಬೇರೆಯವರ ಮನೆಗೆ ಬಂದ ನೆಂಟರ ಹಾಗೆ ನಡೆದುಕೊಳ್ಳುತ್ತಿದ್ದೆವು. ಅಜ್ಜಿ ಅಮ್ಮನನ್ನು "ಏನಮ್ಮ" ಎಂದು ಕರೆಯುತ್ತಿದ್ದಳು. ಜಗಳಗಳನ್ನು ಪಾಡ್ಯಕ್ಕೆ ಎತ್ತಿಡುತ್ತಿದ್ದರು.

ಕಿಟಕಿಯ ಪಕ್ಕದ ಮಗ್ಗಕ್ಕೆ ಬಿಳಿ ಮಗ್ಗ ಎಂದು ಹೆಸರು. ಅದರ ಮೇಲೆ ಧಾರೆ ಸೀರೆ ಬಿಟ್ಟು ಬೇರೆ ಏನನ್ನೂ ನೇಯುತ್ತಿರಲಿಲ್ಲ. ಕೆನೆ ಬಣ್ಣದ ಒಡಲು, ಕೆಂಪು ಅಂಚು. ಉಳಿದ ಮೂರು ಮಗ್ಗಗಳು ನಮಗೆ ಅನ್ನ ಹಾಕುತ್ತಿದ್ದವು, ಇದು ಅಜ್ಜಿಗೆ ತಲೆಯೆತ್ತಿ ಓಡಾಡಲು ಇದ್ದ ಮಗ್ಗ. ಅಜ್ಜಿ ಈ ಮಗ್ಗಕ್ಕೆ ಮಾಡುತ್ತಿದ್ದ ಮಡಿಯನ್ನು ದೇವರಿಗೂ ಮಾಡಿದವಳಲ್ಲ. ಅರಿಶಿನ ಮುಟ್ಟಿದ ಕೈ, ಎಣ್ಣೆ ಹಚ್ಚಿದ ತಲೆ, ಮಾವಿನಹಣ್ಣು ತಿಂದ ಮಕ್ಕಳು, ಯಾರೂ ಹತ್ತಿರ ಸುಳಿಯುವಂತಿಲ್ಲ. ಅದರ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವುದು ಅಮ್ಮನ ಕೆಲಸ. ಎದ್ದರೆ ಕೂತರೆ ಅಮ್ಮನನ್ನು ಬೈಯುತ್ತಿದ್ದ ಅಜ್ಜಿ ಅವಳ ಕೈಯನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ. ಅಮ್ಮನ ತವರು ನಮ್ಮ ಮುಂದಿನ ಸ್ಟೇಷನ್ನು, ಊರಿನ ಹೆಸರು ಬೇಡ. ರೈಲಿನಲ್ಲಿ ಹತ್ತಿದರೆ ಕಡಲೆಕಾಯಿ ಪೊಟ್ಟಣ ಮುಗಿಯುವುದರೊಳಗೆ ಇಳಿಯಬೇಕಾಗುತ್ತಿತ್ತು. ಅಲ್ಲಿ ಅಮ್ಮನ ಅಣ್ಣ, ನನ್ನ ಸೋದರಮಾವ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ. ಬಿಳಿ ಮಗ್ಗಕ್ಕೆ ಬರುತ್ತಿದ್ದದ್ದು ಆ ಊರಿನ ರೇಷ್ಮೆಯೇ. ಅಮ್ಮನಿಗೆ ರೇಷ್ಮೆ ಹುಳುವಾಗಿದ್ದಾಗಿಂದ ಗೊತ್ತು, ಅದಕ್ಕೇ ಅವಳ ಕೈಗೆ ಎಳೆ ಹರಿಯುವುದಿಲ್ಲ ಎಂದು ಅಜ್ಜಿ ಬೀದಿಯವರ ಮುಂದೆ ಹೇಳುತ್ತಿದ್ದಳಂತೆ. ಅಮ್ಮನ ಮುಂದೆ ಹೇಳಿದ್ದನ್ನು ನಾನು ಕೇಳಿಲ್ಲ.

ನಾನು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ನಮ್ಮ ಸ್ಟೇಷನ್ನಿನ ಪಕ್ಕದ ಬಯಲಿಗೆ ಕಲ್ಲಿದ್ದಲು ಬಂತು. ಎಲ್ಲೋ ಅಗೆದು, ಹಡಗಿಗೆ ತುಂಬಿ, ಯಾವುದೋ ಬಂದರಿನಲ್ಲಿ ಇಳಿಸಿ, ಅಲ್ಲಿಂದ ಗೂಡ್ಸ್ ರೈಲಿನಲ್ಲಿ ತಂದು ಒಬ್ಬ ಗುತ್ತಿಗೆದಾರ ಅಲ್ಲಿ ಗುಡ್ಡೆ ಹಾಕಿಸಿದ. ಆಮೇಲೆ ಲಾರಿಗಳಲ್ಲಿ ತುಂಬಿ ದೂರದ ಕಾರ್ಖಾನೆಗಳ ಬಾಯ್ಲರಿಗೆ ಸಾಗಿಸುತ್ತಿದ್ದರು. ಆಷಾಢದ ಗಾಳಿ ಶುರುವಾದ ಮೇಲೆ ಆ ಗುಡ್ಡೆ ನಮ್ಮ ಮನೆಗೇ ಬಂದು ಕೂತಿತು. ತಂತಿಯ ಮೇಲೆ ಒಣಹಾಕಿದ ಪಂಚೆ ಬೂದಿ ಬಣ್ಣಕ್ಕೆ ತಿರುಗಿತು. ಹೆಪ್ಪು ಹಾಕಿದ ಮೊಸರಿನ ಮೇಲೆ ಕರಿ ಪೊರೆ. ದೇವರ ದೀಪದ ಎಣ್ಣೆಯಲ್ಲಿ ಪುಡಿ. ಸೀನಿದರೆ ಮೂಗಿನಿಂದ ಕಪ್ಪು. ಅಮ್ಮ ನೆಲ ಒರೆಸುತ್ತಿದ್ದಳು, ಒರೆಸಿದ ಬಟ್ಟೆ ಹಿಂಡಿ ಬರುವಷ್ಟರಲ್ಲಿ ಮತ್ತೆ ಹೆಜ್ಜೆಗುರುತು ಮೂಡುತ್ತಿತ್ತು. ಬಿಳಿ ಮಗ್ಗದ ಪಕ್ಕದ ಕಿಟಕಿಗೆ ಹಳೇ ಸೀರೆ ಒದ್ದೆ ಮಾಡಿ ಕಟ್ಟಿದೆವು. ಗಾಳಿ ನಿಂತಿತು, ಪುಡಿ ನಿಲ್ಲಲಿಲ್ಲ. ಸೆಖೆಗೆ ಮಗ್ಗದ ಕೋಣೆಯಲ್ಲಿ ಕಾಲಿಡಲಾಗುತ್ತಿರಲಿಲ್ಲ. ಕೊನೆಗೆ ಸೀರೆ ಅಂಗಡಿಯವನು ಎರಡು ಧಾರೆ ಸೀರೆ ಹಿಂದಕ್ಕೆ ಕಳಿಸಿದ. ಮದುವಣಗಿತ್ತಿಗೆ ಮಾಸಿದ ಸೀರೆ ಉಡಿಸುತ್ತೀರಾ ಎಂದು ಕೇಳಿದನಂತೆ. ಅಜ್ಜಿ ಆ ಸೀರೆಗಳನ್ನು ತೊಡೆಯ ಮೇಲೆ ಹರವಿಕೊಂಡು ಎಲ್ಲೆಲ್ಲಿ ಕಪ್ಪಿದೆ ಎಂದು ಬೆರಳಿನಲ್ಲಿ ಹುಡುಕುತ್ತ ಕೂತಳು. ಬೈಯಲೂ ಇಲ್ಲ. ಅಜ್ಜಿ ಬೈಯದೆ ಕೂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

ಹೀಗೆ ಕಲ್ಲಿದ್ದಲು ವಿರೋಧಿ ಸಮಿತಿ ಹುಟ್ಟಿತು, ಮತ್ತು ನಮ್ಮ ಕಷ್ಟ ದುಪ್ಪಟ್ಟಾಯಿತು. ಬೀದಿಯಲ್ಲೆಲ್ಲ ದೊಡ್ಡ ಪಡಸಾಲೆ ನಮ್ಮದಾದ್ದರಿಂದ ಅಪ್ಪ ಅಧ್ಯಕ್ಷ, ಅಧ್ಯಕ್ಷನ ತಮ್ಮನಾದ್ದರಿಂದ ಚಿಕ್ಕಪ್ಪ ಕಾರ್ಯದರ್ಶಿ. ಅಪ್ಪನಿಗೆ ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಕೊಡದಿದ್ದ ಮರ್ಯಾದೆ ಒಮ್ಮೆಗೇ ಸಿಕ್ಕಿತು. ಅವನು ಮಾತು ಶುರುಮಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನು ಕಲಿತ. ಸಂಜೆ ಸಂಜೆ ಪಡಸಾಲೆ ತುಂಬ ಜನ. ಅವರು ಗಾಳಿಯಲ್ಲಿನ ಪುಡಿಯ ವಿರುದ್ಧ ಭಾಷಣ ಮಾಡುತ್ತಿದ್ದರು, ಅವರ ಕಾಲಿನಲ್ಲಿ ಬಂದ ಪುಡಿಯನ್ನು ಅಮ್ಮ ಒರೆಸುತ್ತಿದ್ದಳು. ಎಷ್ಟು ಕಾಫಿ! ಡಿಕಾಕ್ಷನ್ ಇಳಿಯುವುದನ್ನು ಕಾಯುವ ತಾಳ್ಮೆಯೂ ಆ ಹೋರಾಟಗಾರರಿಗೆ ಇರಲಿಲ್ಲ. ಲೋಟ ತೊಳೆದು ತೊಳೆದು ನನ್ನ ಬೆರಳ ತುದಿಗಳು ಸುಕ್ಕುಗಟ್ಟುತ್ತಿದ್ದವು. ಕಲ್ಲಿದ್ದಲು ಹಾಳಾಗಿ ಹೋಗಲಿ, ಈ ಸಮಿತಿ ಮೊದಲು ಹಾಳಾಗಿ ಹೋಗಲಿ ಎಂದು ನಾನು ಬಚ್ಚಲಲ್ಲಿ ಕೂತು ಶಾಪ ಹಾಕುತ್ತಿದ್ದೆ.

ಬಚ್ಚಲಿನ ಕಥೆ ಇನ್ನೂ ಚೆನ್ನಾಗಿತ್ತು. ಲಾರಿಗಳಿಂದ ರಸ್ತೆಗೆ ಉದುರಿದ ಕಲ್ಲಿದ್ದಲನ್ನು ಚಿಕ್ಕಪ್ಪ ಗೋಣಿಚೀಲದಲ್ಲಿ ಆರಿಸಿಕೊಂಡು ಬರುತ್ತಿದ್ದ. ಹಿತ್ತಲ ಬಾಗಿಲಿನಿಂದ ತಂದು ಹಂಡೆಯ ಒಲೆಗೆ ಸುರಿಯುತ್ತಿದ್ದ. ಮುಂಬಾಗಿಲಲ್ಲಿ ಕಲ್ಲಿದ್ದಲು ತೊಲಗಲಿ, ಹಿಂಬಾಗಿಲಲ್ಲಿ ಅಧ್ಯಕ್ಷರಿಗೆ ಬಿಸಿನೀರು. ಅಪ್ಪನಿಗೆ ಇದು ಗೊತ್ತಿರಲಿಲ್ಲವೇ? ಸ್ನಾನ ಮುಗಿಸಿ ಬಂದು, ನೀರು ಇವತ್ತು ಚೆನ್ನಾಗಿ ಕಾದಿತ್ತು ಎನ್ನುತ್ತಿದ್ದ. ಅಜ್ಜಿ ಒಬ್ಬಳೇ ಬಾಯಿಬಿಟ್ಟು ಕೇಳಿದ್ದು.

"ಲೇ, ಅದೇ ಕರೀ ಕಲ್ಲನ್ನ ಬೇಡ ಬೇಡ ಅಂತ ಬೀದೀಲಿ ಕೂಗ್ತೀರ, ಅದ್ರಲ್ಲೇ ಬೆನ್ನು ಕಾಯಿಸ್ಕೊಂತೀರ. ನಾಚ್ಕೆ ಆಗಲ್ವೇನ್ರೋ?"

"ಬಿದ್ದಿದ್ದನ್ನ ಎತ್ಕೊಂಡು ಬಂದ್ರೆ ರಸ್ತೆ ಶುದ್ಧ ಆಗುತ್ತಲ್ವೇನವ್ವ" ಎಂದು ಚಿಕ್ಕಪ್ಪ ಹೇಳಿದ. ಚಿಕ್ಕಪ್ಪನ ಹತ್ತಿರ ಯಾವುದಕ್ಕಾದರೂ ಒಂದು ಉತ್ತರ ಇರುತ್ತಿತ್ತು, ಅವನನ್ನು ಕಂಡರೆ ನನಗೆ ತಲೆ ಚಿಟ್ಟು ಹಿಡಿಯುತ್ತಿದ್ದುದೇ ಅದಕ್ಕೆ.

ಸಮಿತಿಗೆ ನಮ್ಮ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದರು. ಪೇಪರು ಓದುವವರು ಅವರೊಬ್ಬರೇ. ಒಂದು ಸಂಜೆ ಕರೆಂಟು ಹೋಗಿ ಎಲ್ಲ ನಿಶ್ಶಬ್ದವಾಗಿದ್ದಾಗ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ನಾವೊಬ್ರೇ ಅಂತ ತಿಳ್ಕೋಬೇಡಿ. ಇದನ್ನ ಅಗೆಯೋ ಊರಲ್ಲೂ ಜನ ರಸ್ತೇಲಿ ಕೂತಿದ್ದಾರಂತೆ, ಅಗೀಬೇಡಿ ಅಂತ. ಹಡಗಿಗೆ ತುಂಬೋ ಊರಲ್ಲೂ ಬೇಡ ಅಂತಾರೆ, ಹೊರಗಡೆಗೆ ಕಳಿಸ್ಬೇಡಿ ಅಂತಾರೆ. ಇಳಿಸೋ ಊರಲ್ಲೂ ಅದೇ ಗಲಾಟೆ."

ಅಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಂಗಾದ್ರೆ ಬೇಕು ಅನ್ನೋರು ಯಾವೂರಲ್ಲಿದ್ದಾರೆ ಮೇಷ್ಟ್ರೇ?"

ಮೇಷ್ಟ್ರು ನಕ್ಕು ಲೋಟ ತೆಗೆದುಕೊಂಡರು. ಅಪ್ಪ ಒಳಗೆ ಹೋಗು ಎಂದು ಕೈಸನ್ನೆ ಮಾಡಿದ. ಮಗ್ಗ ನಿಂತಿದ್ದರೂ ಕೈಸನ್ನೆ. ಅಮ್ಮ ಒಳಗೆ ಬಂದು ಆ ತಟ್ಟೆಯನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟ ಸದ್ದಿನಲ್ಲೇ ಅವಳಿಗೆ ಎಷ್ಟು ಸಿಟ್ಟು ಬಂದಿದೆ ಎಂದು ಗೊತ್ತಾಯಿತು.

ಅರ್ಜಿ ಕೊಟ್ಟರು, ಅಧಿಕಾರಿಗಳು ಬಂದು ನೋಡಿ ಹೋದರು, ಏನೂ ಆಗಲಿಲ್ಲ. ಆಗ ಲಾರಿಗಳನ್ನೇ ತಡೆಯುವುದು ಎಂದು ತೀರ್ಮಾನವಾಯಿತು. ನಮ್ಮ ಬೀದಿಯವರು ಭಾಷಣಕ್ಕೆ ಬರುತ್ತಿದ್ದಷ್ಟು ಬಿಸಿಲಿಗೆ ಬರುವವರಲ್ಲ. ಅಪ್ಪ ಪೇಚಾಡುತ್ತಿದ್ದಾಗ ಸೋದರಮಾವ ತನ್ನ ಊರಿನಿಂದ ಟ್ರ್ಯಾಕ್ಟರಿನ ತುಂಬ ಜನ ಕರೆದುಕೊಂಡು ಬಂದ. ಹುಳುಗಳಿಗೆ ಸೊಪ್ಪು ಹಾಕುವ ಕೆಲಸವನ್ನು ಹೆಂಗಸರಿಗೆ ಒಪ್ಪಿಸಿ ಬಂದಿದ್ದರು ಎಲ್ಲರೂ. ರೈಲ್ವೆ ಗೇಟಿನ ಹತ್ತಿರ ರಸ್ತೆಯ ಮೇಲೆ ಗೋಣಿತಾಟು ಹಾಸಿ ಕೂತರು. ದಿನ ದಿನವೂ ಬಂದು ಕೂತರು. ಲಾರಿಗಳು ಸಾಲಾಗಿ ನಿಂತವು. ಅಮ್ಮ ಬುಟ್ಟಿಯಲ್ಲಿ ಮೊಸರನ್ನ ಹೊತ್ತುಕೊಂಡು ಹೋಗಿ ತನ್ನ ಊರಿನವರಿಗೆ ಬಡಿಸುವಾಗ ಅವಳ ನಡಿಗೆಯೇ ಬೇರೆಯಾಗಿತ್ತು. ಅವಳು ನಮ್ಮ ಬೀದಿಗೆ ಮದುವೆಯಾಗಿ ಬಂದ ಮೇಲೆ ಅವಳ ಕಡೆಯವರಿಂದ ನಮಗೆ ಆದ ದೊಡ್ಡ ಉಪಕಾರ ಅದು, ಅದು ಎಲ್ಲರಿಗೂ ಗೊತ್ತಿತ್ತು. ಅಜ್ಜಿಯೇ ಮಾವನಿಗೆ ಕೈಮುಗಿದು, "ನಮ್ಮ ಬಿಳಿ ಮಗ್ಗ ಉಳಿಸಿದ್ರೆ ನೀವೇ ಉಳಿಸ್ಬೇಕಪ್ಪ" ಎಂದಳು.

ಗುತ್ತಿಗೆದಾರನ ಕಡೆಯವರು ಮಾತಿಗೆ ಕರೆದರು. ಅಪ್ಪ ಮತ್ತು ಚಿಕ್ಕಪ್ಪ ಇಬ್ಬರೇ ಹೋಗಿ ಬಂದರು. ಅವತ್ತು ಮಧ್ಯಾಹ್ನ ಮಾವ ಮತ್ತು ಅವನ ಊರಿನ ಹಿರಿಯರು ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಮುದ್ದೆ, ಅವರೆಕಾಳಿನ ಸಾರು, ಅನ್ನ. ಅಮ್ಮ ಅಡುಗೆಮನೆಯಿಂದ ಒಂದೊಂದೇ ಕೊಡುತ್ತಿದ್ದಳು, ನಾನು ಮಗ್ಗದ ಓಣಿಯಲ್ಲಿ ಓಡಾಡಿ ಬಡಿಸುತ್ತಿದ್ದೆ. ತುಪ್ಪದ ಬಟ್ಟಲು ಹಿಡಿದು ಬರುವಾಗ ನೋಡಿದೆ, ಅಪ್ಪ ಚಿಕ್ಕಪ್ಪನನ್ನು ಬಿಳಿ ಮಗ್ಗದ ಪಕ್ಕಕ್ಕೆ ಎಳೆದುಕೊಂಡು ಅವನ ಕಿವಿಯಲ್ಲಿ ಕೂಗುತ್ತಿದ್ದ. ಕುತ್ತಿಗೆಯ ನರ ಉಬ್ಬಿತ್ತು, ಮುಖ ಅರಳಿತ್ತು. ಒಳ್ಳೆಯ ಸುದ್ದಿ ಎಂದುಕೊಂಡು ಪಡಸಾಲೆಯ ಹೊಸ್ತಿಲು ದಾಟಿ ಮಾವನ ಎಲೆಯ ಹತ್ತಿರ ಬಗ್ಗಿದೆ. ಆ ಹೊತ್ತಿಗೆ ಬಲ್ಬು ಕೆಂಪಾಗಿರಬೇಕು. ಅಪ್ಪ ಬಲ್ಬಿಗೆ ಬೆನ್ನು ಹಾಕಿದ್ದ. ನಾಲ್ಕೂ ಮಗ್ಗಗಳು ಒಟ್ಟಿಗೇ ನಿಂತವು, ಎದುರುಮನೆಯ ಮಗ್ಗ, ಪಕ್ಕದ ಮನೆಯ ಮಗ್ಗ, ಇಡೀ ಬೀದಿ ನಿಂತಿತು. ಅಪ್ಪನ ಗಂಟಲು ಮಾತ್ರ ನಿಲ್ಲಲಿಲ್ಲ.

"...ಮುಂದಿನ ಸ್ಟೇಷನ್‌ಗೇ ಹಾಕ್ಕೊಳ್ಲಿ ಬಿಡ್ಲಾ! ಹುಳ ಸತ್ರೆ ಸಾಯ್ಲಿ, ನಮ್ಮ ಬಿಳಿ ಮಗ್ಗ ಉಳೀತಲ್ಲ! ಭಾವನ್ಗೆ ಈಗ್ಲೇ ಹೇಳ್ಬ್ಯಾಡ, ಉಂಡ್ಕೊಂಡು ಹೋಗ್ಲಿ!"

"ಆಗ್ಲಣ್ಣ!" ಎಂದು ಚಿಕ್ಕಪ್ಪನೂ ಅಷ್ಟೇ ಜೋರಾಗಿ ಕೂಗಿದ.

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಪಾತ್ರೆಗೆ ಬಿದ್ದ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಯಾರೂ ತುತ್ತು ಎತ್ತಲಿಲ್ಲ. ಎದುರುಮನೆಯ ಸೊಸೆ ತನ್ನ ಬಾಗಿಲಿಗೆ ಬಂದು ನಿಂತು ನಮ್ಮ ಕಡೆ ನೋಡಿದಳು. ನಾನು ಬಗ್ಗಿದವಳು ಬಗ್ಗಿದಂತೆಯೇ ಇದ್ದೆ. ಮಾವ ತಲೆಯೆತ್ತಿ ನನ್ನನ್ನು ನೋಡಿದ. ಅವನು ಯಾವತ್ತೂ ಮೆಲ್ಲಗೇ ಮಾತಾಡುವವನು. ಹುಳು ಸಾಕುವ ಮನೆಗಳಲ್ಲಿ ಸದ್ದು ಮಾಡಬಾರದು ಎನ್ನುತ್ತಾರೆ, ಅವರಿಗೆಲ್ಲ ಅದೇ ಅಭ್ಯಾಸ.

"ಹಾಕು ಮಗಳೇ. ಯಾಕೆ ಹಂಗೇ ನಿಂತ್ಬಿಟ್ಟೆ?"

ತುಪ್ಪ ಹಾಕಿದೆ. ಮಾವ ಅನ್ನ ಕಲಸಿ ಉಂಡ. ಎಲೆಯಲ್ಲಿದ್ದದ್ದೆಲ್ಲ ಮುಗಿಸಿದ, ಮಜ್ಜಿಗೆ ಕುಡಿದ. ತಂಗಿಯ ಮನೆಯ ಊಟ ಬಿಟ್ಟು ಏಳುವುದು ಅವನಿಂದ ಆಗಲಿಲ್ಲ ಎಂದು ಈಗ ಅನಿಸುತ್ತದೆ. ಅವನು ಉಂಡದ್ದರಿಂದ ಉಳಿದವರೂ ಉಂಡರು. ಕೈತೊಳೆದು ಬಂದು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತ. ಅಪ್ಪ ಅಲ್ಲೇ ಇದ್ದ, ಬಿಳಿ ಮಗ್ಗದ ಹಾಸುನೂಲಿನ ಮೇಲೆ ಏನೋ ಹುಡುಕುವವನ ಹಾಗೆ ಬಗ್ಗಿಕೊಂಡು.

"ಊಟ ಚೆನ್ನಾಗಿತ್ತು ಭಾವ. ಬರ್ತೀವಿ."

ಅಷ್ಟೇ. ಟ್ರ್ಯಾಕ್ಟರ್ ಬೀದಿ ದಾಟಿ ಹೋಯಿತು. ಆಮೇಲೆ ಅಜ್ಜಿ ಶುರುಮಾಡಿದಳು. ಮಗ್ಗ ನಿಂತಿದೆ, ಬೀದಿಗೆಲ್ಲ ಕೇಳುತ್ತದೆ ಎನ್ನುವ ಪರಿವೆಯೇ ಅವಳಿಗೆ ಇರಲಿಲ್ಲ.

"ಲೇ ಬೇಕೂಫ, ಅವರ ಹುಳ ಸತ್ರೆ ನಿನ್ನ ಬಿಳಿ ಮಗ್ಗಕ್ಕೆ ನೂಲು ಎಲ್ಲಿಂದ ತರ್ತೀಯೋ? ನಿಮ್ಮಪ್ಪನ ಮೀಸೆ ಹಿಡಿದು ಎಳೀತೀಯೇನೋ? ಇದ್ಲು ಪುಡಿ ಬಿದ್ದ ಸೊಪ್ಪನ್ನ ಹುಳ ತಿಂತದೇನೋ? ಅಧ್ಯಕ್ಷನಂತೆ ಅಧ್ಯಕ್ಷ!"

"ಇದ್ಲು ಬಂದ್ಮೇಲೆ ಎಲ್ಲಾದ್ರೂ ಒಂದ್ಕಡೆ ಹಾಕ್ಲೇಬೇಕಲ್ಲವ್ವ" ಎಂದ ಅಪ್ಪ. ನನಗೆ ಅಪ್ಪನ ಮೇಲೆ ಅಷ್ಟು ಸಿಟ್ಟು ಅದಕ್ಕಿಂತ ಮುಂಚೆ ಯಾವತ್ತೂ ಬಂದಿರಲಿಲ್ಲ. ಅವನು ಕೆಟ್ಟವನಾಗಿದ್ದರೆ ಸಿಟ್ಟು ಬೇರೆ ಥರ ಇರುತ್ತಿತ್ತು. ಅವನಿಗೆ ನಿಜವಾಗಿಯೂ ತಾನು ಊರಿಗೆ ಉಪಕಾರ ಮಾಡಿದ್ದೇನೆ ಎಂದೇ ಅನಿಸಿತ್ತು, ಅದನ್ನು ನಾವು ಮೆಚ್ಚಿಕೊಳ್ಳುತ್ತಿಲ್ಲವಲ್ಲ ಎಂದು ಬೇಜಾರಾಗಿತ್ತು.

ಅಷ್ಟರಲ್ಲಿ ಕರೆಂಟು ಬಂತು. ನಾಲ್ಕೂ ಮಗ್ಗಗಳು ಒಮ್ಮೆಗೇ ಹೊಡೆದುಕೊಳ್ಳತೊಡಗಿದವು. ಅಪ್ಪನ ಮುಖದಲ್ಲಿ ಸಮಾಧಾನ ಕಾಣಿಸಿತು, ಇನ್ನು ಯಾರ ಮಾತೂ ಕೇಳಬೇಕಾಗಿಲ್ಲ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳು ಗೋಡೆಯ ಸ್ವಿಚ್ಚುಗಳನ್ನು ಒಂದಾದ ಮೇಲೆ ಒಂದು ಆರಿಸಿದಳು. ನಮ್ಮ ಮನೆಯ ಮಗ್ಗವನ್ನು ಹೆಂಗಸರು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಂಡಿಕೆಯ ಬುಟ್ಟಿಯನ್ನು ತಂದು ಅಜ್ಜಿಯ ಮುಂದೆ ಇಟ್ಟಳು.

"ಅತ್ತೆ, ಇನ್ಮೇಲೆ ಬಿಳಿ ಕಂಡಿಕೆ ನಾನು ಸುತ್ತಲ್ಲ."

ಮಾರನೆಯ ದಿನ ಬೆಳಿಗ್ಗೆ ಅಮ್ಮ ನನ್ನನ್ನು ಕರೆದುಕೊಂಡು ತವರಿಗೆ ಹೊರಟಳು. ಅಜ್ಜಿ ತಡೆಯಲಿಲ್ಲ, ದಾರಿಗೆ ಚಕ್ಕುಲಿ ಕಟ್ಟಿಕೊಟ್ಟಳು.

ಮಾವನ ಮನೆಯಲ್ಲಿ ನನ್ನದೇ ದೊಡ್ಡ ತೊಂದರೆಯಾಯಿತು. ನಾನು ಬಾಯಿ ತೆರೆದರೆ ಸಾಕು, ಯಾವುದಾದರೂ ಮೂಲೆಯಿಂದ "ಶ್" ಬರುತ್ತಿತ್ತು. ಅಲ್ಲಿ ಮನೆಯ ಅರ್ಧ ಭಾಗ ಹುಳುಗಳದ್ದು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಗೂಡಿನ ಹಾಗೆ ಜೋಡಿಸಿ, ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಿದ್ದರು. ಮಾವನ ಹೆಂಡತಿ, ನನ್ನ ಅತ್ತೆ, ಪ್ರತಿ ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿ, ಧೂಳಿದ್ದರೆ ಪಕ್ಕಕ್ಕೆ ಹಾಕುತ್ತಿದ್ದಳು. ತೊಳೆದು ಹಾಕಬಹುದಲ್ಲ ಎಂದರೆ, ಒದ್ದೆ ಎಲೆಯೂ ಆಗುವುದಿಲ್ಲವಂತೆ. ಇಂಥ ಹುಳುಗಳ ಪಕ್ಕಕ್ಕೆ ಕಲ್ಲಿದ್ದಲು ತಂದು ಹಾಕಲು ಒಪ್ಪಿ ಬಂದಿದ್ದಾನಲ್ಲ ನಮ್ಮಪ್ಪ ಎಂದು ನೆನೆದು ನನಗೆ ಅಲ್ಲಿ ಅನ್ನ ಸೇರುತ್ತಿರಲಿಲ್ಲ. ಊರಿನವರು ಆಗಲೇ ತಮ್ಮ ಸ್ಟೇಷನ್ನಿನ ಮುಂದೆ ಗೋಣಿತಾಟು ಹಾಸಿದ್ದರು. ಅಮ್ಮ ಹೋಗಿ ಅವರ ನಡುವೆ ಕೂತಳು. ಯಾರೂ ಅವಳನ್ನು ಅಧ್ಯಕ್ಷನ ಹೆಂಡತಿ ಎಂದು ಚುಚ್ಚಲಿಲ್ಲ. ಚುಚ್ಚಿದ್ದರೆ ಒಳ್ಳೆಯದಿತ್ತು ಎಂದು ಅವಳು ಆಮೇಲೆ ಹೇಳುತ್ತಿದ್ದಳು.

ಮೊದಲು ಚಿಕ್ಕಪ್ಪ ಬಂದ. ಗೋಣಿತಾಟಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, "ಅತ್ತಿಗೆ, ಇನ್ನೂ ಏನೂ ಸಹಿ ಆಗಿಲ್ವಂತೆ, ಬರೀ ಮಾತಾಗಿರೋದಂತೆ. ಮನೆಗ್ ಬರ್ಬೇಕಂತೆ" ಎಂದ.

"ನಿಮ್ಮಣ್ಣಂಗೆ ಬಾಯಿ ಇದ್ಯಲ್ಲ, ಬಂದು ಹೇಳ್ಲಿ" ಎಂದಳು ಅಮ್ಮ.

ಅಪ್ಪ ಬಂದದ್ದು ಎರಡು ದಿನ ಬಿಟ್ಟು. ಶರ್ಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದ, ಅಮ್ಮನಿಲ್ಲದ ಮನೆಯಿಂದ ಬಂದವನು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಆ ಹೊತ್ತಿಗೆ ಎಲ್ಲರೂ ಹುಳುಗಳ ಕೋಣೆಯಲ್ಲಿದ್ದೆವು. ಹುಳುಗಳು ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತವೆ. ಜ್ವರಕ್ಕೆ ಕೂರುವುದು ಎನ್ನುತ್ತಾರೆ ಅದಕ್ಕೆ. ಅವತ್ತು ಎಲ್ಲ ತಟ್ಟೆಗಳೂ ಜ್ವರಕ್ಕೆ ಕೂತಿದ್ದವು, ಮಾವ ಉಸಿರನ್ನೂ ಸಣ್ಣಗೆ ಬಿಡುತ್ತಿದ್ದ. ಅಪ್ಪ ಬಾಗಿಲಲ್ಲಿ ನಿಂತು ಅಧ್ಯಕ್ಷನಾದ ಮೇಲೆ ಕಲಿತ ಹಾಗೆ ಗಂಟಲು ಸರಿಮಾಡಿಕೊಂಡ.

"ಭಾವಾ, ನಂದು ತಪ್ಪಾಯ್ತು!"

ಮಗ್ಗದ ಪಕ್ಕ ನಿಂತು ಕೂಗುವ ಅದೇ ಗಂಟಲು. ಅವನಿಗೆ ಗೊತ್ತಿದ್ದದ್ದು ಅದೊಂದೇ. ಸೂರಿನ ಮೇಲಿದ್ದ ಪಾರಿವಾಳ ಹಾರಿಹೋಯಿತು.

ಅತ್ತೆ ಗಾಬರಿಯಾಗಿ ಕೈ ಬೀಸಿದಳು. "ಅಯ್ಯೋ, ಮೆಲ್ಲಗೆ ಅಣ್ಣ, ಹುಳ ಜ್ವರಕ್ಕೆ ಕೂತವೆ!"

"ಬೇಡ ಅತ್ತಿಗೆ" ಎಂದಳು ಅಮ್ಮ. ಅವಳ ದನಿಯೂ ಅಷ್ಟೇ ಎತ್ತರದಲ್ಲಿತ್ತು. "ಜೋರಾಗೇ ಹೇಳ್ಲಿ. ಅವತ್ತು ಎಲ್ರಿಗೂ ಕೇಳ್ಸಿತ್ತಲ್ಲ, ಇದೂ ಎಲ್ರಿಗೂ ಕೇಳ್ಲಿ."

ಅಪ್ಪ ಮಾವನ ಜಗಲಿಗೆ ಬಂದು, ಊರಿನವರ ಮುಂದೆ ಇನ್ನೊಮ್ಮೆ ಹೇಳಿದ. ಈ ಊರಿಗೂ ಬೇಡ, ಆ ಊರಿಗೂ ಬೇಡ, ಇನ್ನು ಮೇಲೆ ಎರಡೂ ಊರಿನವರು ಸೇರಿಯೇ ಕೂರೋಣ ಎಂದ. ಮಾವ ಹುಳುಗಳ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದು, "ಕಾಫಿ ಕುಡೀರಿ ಭಾವ" ಎಂದ. ಅಮ್ಮನ ಕಣ್ಣಲ್ಲಿ ನೀರಿತ್ತು. ನನಗೂ ಅಪ್ಪನ ಮೇಲಿನ ಸಿಟ್ಟು ಇಳಿದು, ಅವನ ಶರ್ಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಟ್ಟೆ.

ಆಮೇಲೆ ನಿಜವಾಗಿಯೂ ಸೇರಿ ಕೂತರು. ನೇಕಾರರು ಹುಳುವಿನವರ ಸ್ಟೇಷನ್ನಿಗೂ ಅವರು ನಮ್ಮ ಸ್ಟೇಷನ್ನಿಗೂ ಬಂದರು. ಮಳೆ ಬಂದರೂ ಎದ್ದು ಹೋಗಲಿಲ್ಲ. ಗುತ್ತಿಗೆದಾರ ಬೇಸತ್ತ. ಒಂದು ದಿನ ಗೂಡ್ಸ್ ರೈಲು ನಿಲ್ಲದೆ ಹೋಯಿತು, ಮತ್ತೆ ಕಲ್ಲಿದ್ದಲು ನಮ್ಮಲ್ಲಿ ಇಳಿಯಲೇ ಇಲ್ಲ. ಉಳಿದಿದ್ದ ಗುಡ್ಡೆಯನ್ನು ಲಾರಿಗಳು ಹೊತ್ತೊಯ್ದವು. ಅಮ್ಮ ಮತ್ತೆ ಕಂಡಿಕೆ ಸುತ್ತಿದಳು. ಕಿಟಕಿಗೆ ಕಟ್ಟಿದ್ದ ಹಳೇ ಸೀರೆಯನ್ನು ಅಜ್ಜಿ ತಾನೇ ಬಿಚ್ಚಿ, ಝಾಡಿಸಿ, ಒಗೆಯಲು ಹಾಕಿದಳು. ಇದೆಲ್ಲ ನೋಡಿದ ನಾನು ಇವತ್ತಿಗೂ ಏನಾದರೂ ಹೇಳುವ ಮುಂಚೆ, ಈಗ ಕರೆಂಟು ಹೋಗಿ ಈ ಮಾತು ಎಲ್ಲರಿಗೂ ಕೇಳಿಸಿದರೆ ಪರವಾಗಿಲ್ಲವೇ ಎಂದು ಒಂದು ಕ್ಷಣ ಯೋಚಿಸುತ್ತೇನೆ. ಯೋಚಿಸಿಯೂ ಎಷ್ಟೋ ಸಲ ಹೇಳಿಬಿಡುತ್ತೇನೆ, ಆ ಮಾತು ಬೇರೆ.

ಮುಂದಿನ ಅಮಾವಾಸ್ಯೆಗೆ ಅಪ್ಪ ಎಲ್ಲರನ್ನೂ ಊಟಕ್ಕೆ ಕರೆದ. ಮಗ್ಗಗಳಿಗೆ ಪೂಜೆಯಾಗಿತ್ತು. ಮಾವ, ಅತ್ತೆ, ಮೇಷ್ಟ್ರು, ಎರಡೂ ಊರಿನ ಹಿರಿಯರು ಪಡಸಾಲೆಯ ತುಂಬ ಕೂತಿದ್ದರು. ಹೋಳಿಗೆ ಮಾಡಿದ್ದೆವು. ಅಪ್ಪ ತಾನೇ ತುಪ್ಪ ಬಡಿಸುತ್ತ ಓಡಾಡುತ್ತಿದ್ದ, ಮಾವನಿಗೆ ಬೇಡ ಬೇಡ ಎಂದರೂ ಹಾಕಿದ. ಬೀದಿ ಶಾಂತವಾಗಿತ್ತು. ಅಮ್ಮ ಹೋಳಿಗೆಯ ತಟ್ಟೆ ಹಿಡಿದು ಅದೇ ಬಾಗಿಲಲ್ಲಿ ಬಂದು ನಿಂತಳು.

"ಅಲ್ಲಾ, ಆ ಕಲ್ಲಿದ್ದಲು ಕೊನೆಗೆ ಎಲ್ಲಿಗೆ ಹೋಯ್ತು?"

ಮೇಷ್ಟ್ರು ಎಲೆ ನೋಡಿಕೊಂಡರು. ಮಾವ ಕೂಡ ಹೋಳಿಗೆ ಮುರಿಯುತ್ತ ಕೂತ. ಕೊನೆಗೆ ಚಿಕ್ಕಪ್ಪನೇ ಹೇಳಿದ, ಅವನ ಹತ್ತಿರ ಉತ್ತರ ಇಲ್ಲದಿದ್ದರೆ ಹೇಗೆ?

"ಇನ್ನೂ ಮುಂದೆ ಯಾವುದೋ ಸಣ್ಣ ಸ್ಟೇಷನ್ನಂತೆ ಅತ್ತಿಗೆ. ಅಲ್ಲಿ ನಮ್ಮೋರು ಯಾರೂ ಇಲ್ಲ ಬಿಡಿ."

ಅಮ್ಮ ತಟ್ಟೆ ಹಿಡಿದುಕೊಂಡೇ ಅಪ್ಪನ ಕಡೆ ನೋಡಿದಳು. ಏನೋ ಕೇಳುವುದಕ್ಕೆ ಬಾಯಿ ತೆರೆದಳು. ಅಪ್ಪ ತುಪ್ಪದ ಬಟ್ಟಲನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮಗ್ಗದ ಕೋಣೆಗೆ ಹೋಗಿ ಗೋಡೆಯ ಸ್ವಿಚ್ಚು ಹಾಕಿದ. ನನಗೆ ನೆನಪಿರುವ ಹಾಗೆ ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಡೆದದ್ದು ಅದೊಂದೇ ಸಲ.